ಗಾವಳೆ ನಡುಗಡ್ಡೆಯ ಕಾಡುಕೋಣಗಳು

ಎಂಟು ವರ್ಷ ನಾನು ಸರಕಾರಕ್ಕೆ ಒಂದೇ ಸುಳ್ಳನ್ನು ಬರೆದುಕೊಟ್ಟೆ. ಗಾವಳೆ ನಡುಗಡ್ಡೆ: ಕಾಡುಕೋಣ ಹದಿನಾಲ್ಕು, ಸಾಕುದನ ಇಲ್ಲ. ಒಂದು ವರ್ಷ ಹದಿನಾಲ್ಕು ಹದಿನೈದಾಗುತ್ತಿತ್ತು, ಇನ್ನೊಂದು ವರ್ಷ ಹದಿಮೂರು. ಪ್ರತಿ ಸಲ ಒಂದೇ ಅಂಕಿ ಬರೆದರೆ ಮೇಲಿನವರಿಗೆ ಸಂಶಯ ಬರುತ್ತದಲ್ಲ!

ನನ್ನ ತಂಗಿಯ ಮಗಳು ಸುಮಾ ಈಚೆಗೆ ಕಾಡು ಕಾಯುವ ನೌಕರಿಗೆ ಸೇರಿದಳು. ಹೋದ ತಿಂಗಳು ಹಳಿಯಾಳದ ನಮ್ಮ ಮನೆಗೆ ಬಂದವಳು, "ಮಾಮಾ, ಟ್ರೇನಿಂಗಿನ್ಯಾಗ ಎಲ್ಲಾ ಹೇಳ್ತಾರ. ಖರೇ ಹೆಂಗಿರತೈತಿ ಅನ್ನೂದೊಂದು ಬಿಟ್ಟು. ನೀವು ಬರದ ಕೊಡ್ರಿ," ಎಂದಳು. ಬರೆಯಲಿಕ್ಕೆ ನನಗೇನು ಧಾಡಿ? ಮೂವತ್ತೈದು ವರ್ಷ ಬರೆದದ್ದೇ ಅಲ್ಲವೆ ನನ್ನ ಕೆಲಸ. ಯಾವ ವರ್ಷ ಏನಾದೆ, ಎಷ್ಟು ಪಟ್ಟಿ ಭುಜಕ್ಕೆ ಬಂತು ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಹೇಳುವುದು ಒಂದು ನಡುಗಡ್ಡೆಯ ವಿಷಯ, ನನ್ನ ಒಂದು ತಪ್ಪಿನ ವಿಷಯ. ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಿಸಿದ್ದೇನೆ.

ಜೋಯಿಡಾದ ಆಚೆ, ಕಾಳಿ ನದಿಯ ಹಿನ್ನೀರಿನಲ್ಲಿ ಇಂಥ ನಡುಗಡ್ಡೆಗಳು ಬೇಕಾದಷ್ಟಿವೆ. ಅವು ಸಮುದ್ರದ ದ್ವೀಪಗಳ ಹಾಗೆ ಹುಟ್ಟಿದವಲ್ಲ. ಅಣೆಕಟ್ಟು ಕಟ್ಟಿ ನೀರು ನಿಂತಾಗ ಕಣಿವೆಗಳು ಮುಳುಗಿದವು, ಗುಡ್ಡದ ತಲೆಗಳು ಉಳಿದವು, ಅಷ್ಟೆ. ಗಾವಳೆ ಗುಡ್ಡ ಅವುಗಳಲ್ಲಿ ದೊಡ್ಡದು. ಬೇಸಿಗೆಯಲ್ಲಿ ಸುತ್ತು ಹಾಕಲು ಅರ್ಧ ದಿನ ಬೇಕು, ಶ್ರಾವಣದ ಹೊತ್ತಿಗೆ ಅದು ಕುಗ್ಗಿ ಮೂರನೆಯ ಒಂದು ಪಾಲಾಗುತ್ತದೆ. ಸುತ್ತಲೂ ನೀರಿನಲ್ಲಿ ನಿಂತಲ್ಲೇ ಸತ್ತ ಮರಗಳು, ಅವುಗಳ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳು. ಪೂರ್ವದ ಕಡೆಯಿಂದ ಒಂದು ಬಂಡಿದಾರಿ ಗುಡ್ಡ ಇಳಿದು ನೇರ ನೀರಿನೊಳಕ್ಕೆ ಹೋಗುತ್ತದೆ. ಹಿಂದೆ ಗೋವಾ ಕಡೆಯಿಂದ ಉಪ್ಪು, ಒಣಮೀನು ಹೇರಿಕೊಂಡ ಎತ್ತುಗಳು ಘಟ್ಟ ಹತ್ತಿ ಬರುತ್ತಿದ್ದ ದಾರಿ ಅದು ಎಂದು ಹಳಬರು ಹೇಳುತ್ತಾರೆ. ದಾರಿಯ ಕೊನೆಗೆ, ನೀರಿನ ತಳದಲ್ಲಿ, ಗಾವಳೆ ಎಂಬ ಊರಿತ್ತು.

ಅಲ್ಲಿ ಇಳಿದವನಿಗೆ ಮೊದಲು ತಾಗುವುದು ಸಪ್ಪಳವಿಲ್ಲದಿರುವುದು. ನಮ್ಮ ಕಡೆಯ ಕಾಡೆಂದರೆ ಮುಸುವಗಳ ಗದ್ದಲ ಇರಲೇಬೇಕು. ಗಾವಳೆಯಲ್ಲಿ ಒಂದು ಮುಸುವವೂ ಇಲ್ಲ. ನೀರು ಏರುವಾಗ ಕೊಂಬೆಯಿಂದ ಕೊಂಬೆಗೆ ಹಾರಿ ಪಾರಾದವು ಮತ್ತೆ ಬರಲಿಲ್ಲ. ಉಡ, ಹಾವು, ದಂಡೆಯ ಕೆಸರಿನಲ್ಲಿ ನೀರುನಾಯಿಯ ಹೆಜ್ಜೆ, ಹಣ್ಣಿನ ಕಾಲಕ್ಕೆ ಬಂದು ಹೋಗುವ ಮಂಗಟ್ಟೆ ಹಕ್ಕಿಗಳು, ಇಷ್ಟೇ. ಮಧ್ಯಾಹ್ನದಲ್ಲಿ ನಿಂತರೆ ನಮ್ಮ ಉಸಿರು ನಮಗೇ ಕೇಳಿಸಿ ಮೈ ಜುಮ್ಮೆನ್ನುತ್ತಿತ್ತು.

ನನಗಿಂತ ಮೊದಲು ಆ ಭಾಗ ನೋಡಿಕೊಳ್ಳುತ್ತಿದ್ದವರು ಅಧಿಕಾರ ಒಪ್ಪಿಸುವಾಗ ಒಂದು ಕಡತ ಕೈಗಿಟ್ಟು ಹೇಳಿದರು: "ನೋಡಪಾ ಈರಪ್ಪಾ, ಗಾವಳ್ಯಾಗ ಇಳೀಬ್ಯಾಡ. ಹಾವು ಭಾಳ. ದೋಣ್ಯಾಗ ಒಂದ ಸುತ್ತು ಹೊಡದು, ಹೋದ ವರ್ಷದ ಫಾರಂ ನೋಡಿ ಬರಿ."

ನಾನು ಹಾಗೇ ಮಾಡಿದೆ. ಪ್ರಾಣಿ ಎಣಿಕೆಯ ದಿನ ದೋಣಿಯಲ್ಲಿ ಸುತ್ತು ಹೊಡೆಯುವಾಗ ಸಂಜೆಯ ಮಬ್ಬಿನಲ್ಲಿ ಮರಗಳ ನಡುವೆ ಕಪ್ಪನೆಯ ಮೈಗಳು ಕಂಡವು. ಫಾರಂನಲ್ಲಿ ಕಾಡುಕೋಣ ಎಂದಿತ್ತು, ನಾನೂ ಕಾಡುಕೋಣ ಎಂದೆ. ಎರಡನೆಯ ವರ್ಷ ಕುತೂಹಲ ತಡೆಯಲಾಗದೆ ಇಳಿದು ನೋಡಿದೆ. ಗೊರಸಿನ ಗುರುತು ಚಿಕ್ಕದು, ಸಗಣಿ ನಮ್ಮ ಮನೆಯ ಕೊಟ್ಟಿಗೆಯದೇ. ಅವು ಆಕಳುಗಳು! ಒಕ್ಕಲಿಗನ ಮಗ ನಾನು, ಸಗಣಿ ನೋಡಿ ದನ ಹೇಳಲಾರೆನೆ? ಆದರೆ ಅಷ್ಟರಲ್ಲಿ ದಂಡೆಯ ಮೇಲೆ ಬೋರ್ಡು ಬಂದಿತ್ತು: 'ಕಾಡುಕೋಣಗಳ ನಡುಗಡ್ಡೆ'. ಕೆಳಗೆ ಕೋಣದ ಚಿತ್ರ, ನಾಲ್ಕೂ ಕಾಲಿಗೆ ಬಿಳಿ ಚೀಲ ತೊಡಿಸಿದ ಹಾಗೆ. ಶಾಲೆಯ ಮಕ್ಕಳು ಬಂದು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈಗ ಹೋಗಿ 'ಅವು ಆಕಳು' ಎಂದರೆ ಹಿಂದಿನವರೆಲ್ಲ ಸುಳ್ಳರಾಗುತ್ತಾರೆ, ಹೋದ ವರ್ಷದ ನಾನೂ ಸುಳ್ಳ. ನನಗೆ ಯಾಕೆ ಬೇಕು ಉಸಾಬರಿ ಎಂದುಕೊಂಡೆ. ನಮ್ಮ ನೌಕರಿಯಲ್ಲಿ ತಪ್ಪುಗಳು ಹೀಗೇ ಬೇರು ಬಿಡುತ್ತವೆ ಸುಮಾ. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ. ಹೋದ ವರ್ಷದ ಫಾರಂ ನೋಡಿ ಬರೆಯುತ್ತಾರೆ.

ಆಮೇಲೆ ಕ್ಯಾಮೆರಾ ಪೆಟ್ಟಿಗೆಗಳು ಬಂದವು. ಅದಕ್ಕೆ ಮೊದಲು ನಾವು ಹೆಜ್ಜೆಯ ಮೇಲೆ ಪ್ಲಾಸ್ಟರ್ ಕಲಸಿ ಸುರಿದು ಅಚ್ಚು ತೆಗೆಯುತ್ತಿದ್ದೆವು. ಒಂದೇ ಚಿರತೆಯ ನಾಲ್ಕು ಅಚ್ಚು ತಂದು ನಾಲ್ಕು ಚಿರತೆ ಎಂದು ಲೆಕ್ಕ ಕೊಟ್ಟ ಪುಣ್ಯಾತ್ಮರನ್ನೂ ಕಂಡಿದ್ದೇನೆ. ಕ್ಯಾಮೆರಾ ಹಾಗಲ್ಲ. ಮರಕ್ಕೆ ಕಟ್ಟಿ ಬಂದರೆ ಮುಂದೆ ಹಾದದ್ದನ್ನೆಲ್ಲ ಹಿಡಿಯುತ್ತದೆ, ಸಪ್ಪಳವನ್ನೂ ಹಿಡಿಯುತ್ತದೆ. ಗಾವಳೆಗೆ ಐದು ಪೆಟ್ಟಿಗೆ ಕಟ್ಟಿರೆಂದು ಆದೇಶ ಬಂದಾಗ ನಾನು ಹಳೆಯ ಫಾರಂಗಳನ್ನೆಲ್ಲ ತೆಗೆದು ಮತ್ತೆ ನೋಡಿದೆ. ಆಗ ನನ್ನ ನೌಕರಿ ಒಂದು ವರ್ಷವೂ ಉಳಿದಿರಲಿಲ್ಲ.

ನಾನು ಮತ್ತು ಮೆಹಬೂಬ ಚಾಚಾ ಹೋಗಿ ಕಟ್ಟಿದೆವು. ಚಾಚಾ ದಾಂಡೇಲಿಯವರು, ಮೊದಲು ಲಾರಿ ಮೆಕ್ಯಾನಿಕ್, ಆಮೇಲೆ ನಮ್ಮ ದೋಣಿ ನಡೆಸುವವರು. ಯಾವ ಕಾಡಿಗೂ ಹೆದರದ ಮನುಷ್ಯ. ಗಾವಳೆಯಲ್ಲಿ ಮಾತ್ರ ದೋಣಿಯ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. "ಸುಮ್ಮನ ಇರಲಿ ಬಿಡ್ರಿ ಸಾಹೇಬ್ರ, ಒಂದ ಆವಾಜ ಇದ್ರ ಚಲೋ," ಎನ್ನುತ್ತಿದ್ದರು.

ಹದಿನೈದು ದಿನ ಬಿಟ್ಟು ಕ್ಯಾಮೆರಾದ ಮೆಮರಿ ಕಾರ್ಡುಗಳನ್ನು ತಂದು, ರೇಂಜರ್ ಸಾಹೇಬರ ಕೋಣೆಯಲ್ಲಿ ಕಂಪ್ಯೂಟರಿಗೆ ಹಾಕಿದೆವು. ಹೊರಗೆ ಹಾಡುಹಗಲು, ಬಿಸಿಲು. ಪರದೆಯ ಮೇಲೆ ಸಂಜೆಯ ಬೆಳಕು ಮೂಡಿತು. ನೀರಿಗಿಳಿಯುವ ಬಂಡಿದಾರಿಯ ಮೇಲೆ ಇಪ್ಪತ್ತೊಂದು ಆಕಳು, ಹೋರಿ, ಕರುಗಳು. ಎಲ್ಲವೂ ನೀರಿನ ಕಡೆ ಮುಖ ಮಾಡಿ ನಿಂತಿವೆ. ಕುಡಿಯುತ್ತಿಲ್ಲ, ಮೇಯುತ್ತಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ, ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಹಾಗೆ, ಒಂದೇ ಅಳತೆಯ ಅಂತರ. ನಡುವೆ ಎರಡು ಜಾಗ ಖಾಲಿ, ಯಾರಿಗೋ ಬಿಟ್ಟ ಹಾಗೆ.

ಆಗ ಒಂದು ಹೆಂಗಸು ಕೂಗಿದಳು.

ಉದ್ದನೆಯ ಕೂಗು. ಮೇಲೆ ಹೋಗಿ, ಅಲುಗಿ, ಇಳಿದು ನಿಲ್ಲುತ್ತದೆ. "ಯೇ... ಯೇ ಗೋ..." ಎಂದ ಹಾಗೆ, ಬಾ ಎಂದು ಕೊಂಕಣಿಯಲ್ಲಿ ಕರೆದ ಹಾಗೆ. ಮೂರು ಸಲ ಕೂಗಿತು. ಮೂರನೆಯದರ ಕೊನೆಗೆ ಒಂದು ಒಣಕೆಮ್ಮು, ಎರಡು ಸಲ, ಎದೆಯ ಆಳದಿಂದ. ದನಗಳು ಒಟ್ಟಿಗೆ ಹೆಜ್ಜೆ ಎತ್ತಿ ನೀರಿಗಿಳಿದವು. ಮೊಣಕಾಲು ಮುಳುಗುವಷ್ಟು ಹೋಗಿ ನಿಂತವು. ಬಹಳ ಹೊತ್ತು ಹಾಗೇ ನಿಂತು ತಿರುಗಿ ಗುಡ್ಡ ಹತ್ತಿದವು.

ರೇಂಜರ್ ಸಾಹೇಬರು ಮರುದಿನದ್ದು ಹಾಕಿದರು. ಅದೇ ಹೊತ್ತು, ಅದೇ ಸಾಲು, ಅದೇ ಕೂಗು, ಅದೇ ಕೆಮ್ಮು. ಹತ್ತು ಸಂಜೆ ನೋಡಿದೆವು. ಹತ್ತೂ ಒಂದೇ.

"ಈರಪ್ಪಾ, ಇವು ಕಾಡುಕೋಣ ಏನು?" ಎಂದರು ಸಾಹೇಬರು. ನಾನು ಮುಂದಿನ ಕಾರ್ಡನ್ನು ಅವರ ಮುಂದಿಟ್ಟೆ.

"ಅದು ಇರಲಿ. ಈಕಿ ಯಾರು?"

"ಅಲ್ಲಿ ಯಾರೂ ಇಲ್ರಿ ಸರ್."

"ಯಾರೂ ಇಲ್ಲಂದ್ರ ಕೆಮ್ಮಿದವರು ಯಾರು?"

ಯಾರೋ ಹೆಂಗಸು ನಡುಗಡ್ಡೆಯಲ್ಲಿ ಕದ್ದು ವಾಸ ಮಾಡುತ್ತಿದ್ದಾಳೆ ಎಂದೇ ಅವರಿಗೆ ಅನ್ನಿಸಿತು. ಹುಡುಕಲು ನನ್ನನ್ನೂ ಚಾಚಾರನ್ನೂ ಕಳಿಸಿದರು. ದಂಡೆಯಲ್ಲಿ ಎಂಜಿನ್ ಬಂದ್ ಮಾಡಲು ಚಾಚಾಗೆ ನಾನೇ ಗದರಿಸಿ ಹೇಳಬೇಕಾಯಿತು. ಮಧ್ಯಾಹ್ನದಿಂದ ಗುಡ್ಡವನ್ನು ಗೇಣು ಗೇಣಾಗಿ ನೋಡಿದೆವು. ಒಲೆಯಿಲ್ಲ, ಬೂದಿಯಿಲ್ಲ, ಮನುಷ್ಯರ ಒಂದು ಹೆಜ್ಜೆಯಿಲ್ಲ. ಬಂಡಿದಾರಿ ಮಾತ್ರ ದಿನಾ ಕಸ ಹೊಡೆದ ಅಂಗಳದ ಹಾಗೆ ನುಣ್ಣಗಿತ್ತು. ಗೊರಸು ತಾಗಿ ತಾಗಿ ಹಾಗಾಗಿರಬೇಕು ಎಂದು ನಾನೇ ನನಗೆ ಹೇಳಿಕೊಂಡೆ. ಹೊತ್ತು ಇಳಿಯಿತು. ಗುಡ್ಡದ ಮೇಲಿಂದ ದನಗಳು ಒಂದರ ಹಿಂದೊಂದು ಬಂದು ನಮ್ಮನ್ನು ಕಲ್ಲು ಕಂಬಗಳೆಂಬಂತೆ ಬಳಸಿ ಹೋಗಿ ಸಾಲಾಗಿ ನಿಂತವು. ಕೂಗು ಕೇಳಿತು. ನಂತರ ಕೆಮ್ಮು ಕೇಳಿದ್ದು ನನ್ನ ಕಿವಿಯ ಪಕ್ಕದಲ್ಲೇ.

"ಯಾ ಅಲ್ಲಾ!" ಎಂದು ಚಾಚಾ ನಿಂತಲ್ಲೇ ಕುಕ್ಕರಿಸಿದರು. ನನಗೆ ಕುತ್ತಿಗೆ ತಿರುಗಿಸಲು ಧೈರ್ಯ ಸಾಲಲಿಲ್ಲ. ಕೊನೆಗೆ ತಿರುಗಿಸಿದೆ. ಒಂದು ಮಾರು ಮೇಲೆ, ಒಣಕೊಂಬೆಯ ಮೇಲೆ ಕಪ್ಪು ಹಕ್ಕಿ ಕೂತಿತ್ತು. ನೆತ್ತಿಯ ಮೇಲೆ ಜುಟ್ಟು, ಬಾಲದಿಂದ ಇಳಿದ ಎರಡು ತಂತಿ, ತಂತಿಯ ತುದಿಗೊಂದೊಂದು ಗರಿ. ಭೀಮರಾಜ. ಕಂಡವರ ದನಿಯನ್ನೆಲ್ಲ ಅಣಕಿಸುವ ಹಕ್ಕಿ. ನಾನು ನೋಡುತ್ತಿದ್ದಂತೆಯೇ ಕೊಕ್ಕು ತೆರೆದು ಮತ್ತೆ ಕೆಮ್ಮಿತು.

"ಹಕ್ಕಿ ಐತಿ ಚಾಚಾ, ಏಳ್ರಿ!" ಎಂದೆ.

ಚಾಚಾ ಮೇಲೆ ನೋಡಿದರು. ಅವರ ಮುಖದ ಭಯ ಇಳಿಯಲಿಲ್ಲ. "ಹಕ್ಕಿ ಖರೇರಿ. ಆದ್ರ ಇದಕ್ಕ ಕಲಿಸಿದಾಕಿ ಯಾರು?"

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಜೋಯಿಡಾ ಕಡೆಯ ರಾಮನಗರದಲ್ಲಿ. ಅಣೆಕಟ್ಟಿನಲ್ಲಿ ಊರು ಕಳಕೊಂಡ ಬಹಳ ಮಂದಿ ಅಲ್ಲಿ, ಸುತ್ತಮುತ್ತ ನೆಲೆ ನಿಂತಿದ್ದಾರೆ. ಬೆಳಗಾವಿ ರಸ್ತೆಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಾಗ, ನನ್ನ ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಆ ಕೂಗನ್ನು ಚಾಚಾಗೆ ಮತ್ತೊಮ್ಮೆ ಕೇಳಿಸಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಥಟ್ಟನೆ ನಿಂತಿತು. ಐವತ್ತು ದಾಟಿದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಖಾನಾವಳಿ ನಡೆಸುವ ಜನಾಬಾಯಿ. ನನಗೆ ಮುಖ ಪರಿಚಯವಿತ್ತು.

"ಅದನ್ನ ನಿಮಗ ಯಾರ ಕೊಟ್ರರಿ?" ಎಂದಳು.

"ಯಾಕವಾ?"

"ಅದು ನಮ್ಮ ಅವ್ವ. ಆಕಿ ಸತ್ತು ಮೂವತ್ತು ವರ್ಷದ ಮ್ಯಾಲ ಆತ್ರಿ." ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. "ಆ ಕೆಮ್ಮ... ಆ ಕೆಮ್ಮಿನ್ಯಾಗ ಹೋದ್ಲರಿ ಆಕಿ."

ಜನಾಬಾಯಿ ಗಾವಳೆಯವಳು. ಊರು ಬಿಡುವ ದಿನ ಅವಳಿಗೆ ಹದಿನಾಲ್ಕೋ ಹದಿನೈದೋ. ಸಾಮಾನು ಲಾರಿಗೆ ಹೇರುತ್ತಿದ್ದ ಅವ್ವ, ಗುಡ್ಡದ ಮೇಲಿದ್ದ ದನಗಳನ್ನು ಹೊಡೆದುಕೊಂಡು ಬಾ ಎಂದು ಅವಳನ್ನು ಕಳಿಸಿದಳು. ಹುಡುಗಿಗೆ ಮೊದಲ ಸಲ ಲಾರಿ ಹತ್ತುವ ಹುಚ್ಚು. ಅರ್ಧ ದಾರಿಗೆ ಹೋಗಿ ಬಂದು, 'ದನ ಮುಂದೆ ಹೋದವರ ಸಂಗಡ ಹೋಗ್ಯಾವ' ಎಂದುಬಿಟ್ಟಳು. ಲಾರಿ ಹೊರಟಿತು. ಸುಳ್ಳು ಗೊತ್ತಾಗುವ ಹೊತ್ತಿಗೆ ಗುಡ್ಡದ ಸುತ್ತ ನೀರು ಬಂದಿತ್ತು.

"ಅವ್ವ ನನಗ ಒಂದ ಮಾತೂ ಬೈಲಿಲ್ರಿ. ಬೈದಿದ್ರ ಚಲೋ ಇತ್ತು," ಎಂದಳು ಜನಾಬಾಯಿ. "ವಾರಕ್ಕೊಮ್ಮೆ ಎರಡೊಮ್ಮೆ ನಡಕೋತ ಹೋಗಿ ಈಚೆ ದಂಡ್ಯಾಗ ನಿಂತು ಕೂಗತಿದ್ಲು. ದನ ಬಂದು ಆಚೆ ದಂಡ್ಯಾಗ ನಿಂದರತಿದ್ವಂತ. ನನ್ನನ್ನೂ ಕರದ್ಲು. ನಾ ಒಂದ ದಿನಾನೂ ಹೋಗಲಿಲ್ಲ. ಎರಡ ಮಳಿಗಾಲ ಹಂಗ ತೊಯ್ಸಿಕೊಂಡು ಎದಿ ಕೆಡಿಸಿಕೊಂಡ್ಲು."

ಅವಳೂ ಸುಳ್ಳು ಹೇಳಿದ್ದಳು, ನಾನೂ ಬರೆದಿದ್ದೆ. ಅವಳಿಗೆ ಆಗ ಹದಿನಾಲ್ಕು, ನನಗೆ ಐವತ್ತು ದಾಟಿತ್ತು.

ಹಕ್ಕಿಗಳ ಬಗ್ಗೆ ತಿಳಿದವರೊಬ್ಬರನ್ನು ಕೇಳಿದೆ. ಭೀಮರಾಜ ಅಷ್ಟು ವರ್ಷ ಬದುಕುವುದಿಲ್ಲವಂತೆ. ಆ ಹೆಂಗಸಿನ ಬಾಯಿಂದ ಒಂದು ಹಕ್ಕಿ ಕಲಿತಿರಬೇಕು, ಅದರಿಂದ ಮರಿ ಕಲಿತಿರಬೇಕು, ಆ ಮರಿಯಿಂದ ಅದರ ಮರಿ. ದನಗಳೂ ಹಾಗೇ. ಕೊಟ್ಟಿಗೆ ಕಂಡಿದ್ದ ಒಂದು ಆಕಳೂ ಈಗ ಉಳಿದಿಲ್ಲ, ತಾಯಿಯ ಹಿಂದೆ ನಡೆದು ಬಂದ ಕರುಗಳ ಕರುಗಳು ಇವು. ಕರೆದವಳು ಇಲ್ಲ, ಕರೆಸಿಕೊಂಡವು ಇಲ್ಲ. ಆದರೂ ದಿನಾ ಸಂಜೆ ಕರೆಯುವುದು ನಡೆದಿತ್ತು, ಬರುವುದೂ ನಡೆದಿತ್ತು.

ಆ ವರ್ಷದ ಮಳೆ ಹಟ ಹಿಡಿದವರ ಹಾಗೆ ಹೊಡೆಯಿತು. ಆಷಾಢ ಮುಗಿಯುವುದರೊಳಗೆ ಹಿನ್ನೀರು ನಾನೆಂದೂ ಕಾಣದ ಮಟ್ಟಕ್ಕೆ ಏರಿತು. ಅಂಬಿಕಾನಗರದಲ್ಲಿದ್ದ, ಪರಿಚಯದ ಅಣೆಕಟ್ಟು ಇಂಜಿನಿಯರರೊಬ್ಬರು ಫೋನಿನಲ್ಲಿ, "ಈ ಸಲ ಪೂರಾ ತುಂಬತೈತಿ, ಇನ್ನೊಂದ ವಾರ ಹತ್ತ ದಿನ," ಎಂದರು. ಪೂರಾ ತುಂಬಿದರೆ ಗಾವಳೆಯಲ್ಲಿ ಉಳಿಯುವುದು ನೆತ್ತಿಯ ಬಂಡೆ, ಅದರ ಸುತ್ತ ಒಂದಿಷ್ಟು ಹುಲ್ಲು. ಇಪ್ಪತ್ತೊಂದು ದನಗಳಿಗೆ ನಾಲ್ಕು ದಿನಕ್ಕೂ ಸಾಲದು. ನೀರು ಇಳಿಯಲು ತಿಂಗಳುಗಳು ಬೇಕು.

ಜನಾಬಾಯಿ ಬಸ್ಸು ಹತ್ತಿ ನನ್ನ ಕ್ವಾರ್ಟರ್ಸಿಗೇ ಬಂದಳು. "ಸಾಹೇಬ್ರ, ಅವ್ವನ ದನ ತರಬೇಕ್ರಿ. ಆಕಿ ಒಂದ ಕೆಲಸ ಹೇಳಿದ್ಲು, ಅದ ಹಂಗ ಉಳದೈತಿ. ಈ ಸಲ ಅವು ಮುಳಗಿದ್ರ ನಾ ಸಾಯೂತನಕ ಸಾಯಂಗಿಲ್ಲ ಆ ಮಾತು."

ರೇಂಜರ್ ಸಾಹೇಬರ ಬಳಿ ಹೋದೆ. ಕೆಟ್ಟ ಮನುಷ್ಯನಲ್ಲ, ಕಾಗದದ ಮನುಷ್ಯ. "ಕಾಡುಕೋಣಕ್ಕ ಈಜು ಬರತೈತಿ ಈರಪ್ಪ. ತಮ್ಮ ಪಾಡಿಗೆ ದಾಟತಾವ. ದಾಖಲೆದಾಗ ಅಲ್ಲಿ ದನಾನೇ ಇಲ್ಲ. ಇಲ್ಲದ ದನಕ್ಕ ನಾ ದೋಣಿ ಹೆಂಗ ಕೊಡ್ಲಿ? ನಿನಗ ಇನ್ನ ಮೂರ ತಿಂಗಳು ಐತಿ. ಸುಮ್ಮನ ಮನೀಗೆ ಹೋಗು."

ಹೌದು, ಸುಮ್ಮನೆ ಹೋಗಬಹುದಿತ್ತು. ಆ ರಾತ್ರಿಯೆಲ್ಲ ನಿದ್ದೆಯಿಲ್ಲ. ನನ್ನ ಹೆಂಡತಿ, "ಎಂಟ ವರ್ಷ ಖೊಟ್ಟಿ ಬರದವರಿಗೆ ಒಂದ ದಿನ ಖರೇ ಬರ್ಯಾಕ ಏನಾಗೈತಿ?" ಎಂದಳು. ಅವಳ ಮಾತೇ ಹಾಗೆ, ಹಸಿಮೆಣಸಿನಕಾಯಿ. ಬೆಳಗಾದ ಮೇಲೆ ಒಂದು ಹಾಳೆ ತೆಗೆದು ಬರೆದೆ: ಗಾವಳೆ ನಡುಗಡ್ಡೆಯಲ್ಲಿ ಇರುವುದು ಸಾಕುದನಗಳು, ಕಾಡುಕೋಣ ಒಂದೂ ಇಲ್ಲ, ಎಂಟು ವರ್ಷವೂ ನಾನು ನೋಡದೆ ಅಥವಾ ನೋಡಿಯೂ ತಪ್ಪು ಬರೆದಿದ್ದೇನೆ. ಸಹಿ ಹಾಕಿದೆ. ರೇಂಜರ್ ಸಾಹೇಬರು ಓದಿ ಹಾಳೆಯನ್ನು ಕಡತದೊಳಗಿಟ್ಟರು. "ಹುಚ್ಚ ಇದ್ದೀ ನೀ," ಎಂದರು. "ದೋಣಿ ಎರಡ ದಿನ ತಗೋ." ನಾಲ್ಕನೆಯ ದಿನ ನನಗೆ ನೋಟಿಸು ಬಂತು. ಬರಲೇಬೇಕಿತ್ತು, ಬಂತು.

ಮೊದಲ ಸಂಜೆ ಜನಾಬಾಯಿಯನ್ನು ಈಚೆ ದಂಡೆಯಲ್ಲಿ, ಅವಳ ಅವ್ವ ನಿಲ್ಲುತ್ತಿದ್ದ ಕಡೆಯೇ ನಿಲ್ಲಿಸಿದೆವು. ನೀರು ಅಲ್ಲಿ ಕಿರಿದು, ದನ ಈಜಿ ದಾಟುವಷ್ಟು. ಸಣ್ಣ ಮಳೆ. ದನಗಳು ಹೊತ್ತಿಗೆ ಸರಿಯಾಗಿ ಆಚೆ ದಂಡೆಗೆ ಇಳಿದು ಬಂದವು. ಜನಾಬಾಯಿ ಸೆರಗು ಬಿಗಿದು ಕೂಗಿದಳು. ಕೂಗು ಅವ್ವನದೇ, ತಪ್ಪಿಲ್ಲ. ದನಗಳು ಕಿವಿ ನೆಟ್ಟಗೆ ಮಾಡಿದವು. ಅಷ್ಟರಲ್ಲಿ ನಡುಗಡ್ಡೆಯ ಮರದಿಂದ ಇನ್ನೊಂದು ಕೂಗು ಬಂತು, ಕೆಮ್ಮಿನ ಸಮೇತ. ದನಗಳು ಆ ಕಡೆ ಮುಖ ತಿರುಗಿಸಿದವು. ಜನಾಬಾಯಿ ಮತ್ತೆ ಕೂಗಿದಳು. ಹಕ್ಕಿಯೂ ಕೂಗಿತು. ಸತ್ತವಳೊಬ್ಬಳು, ಬದುಕಿದವಳೊಬ್ಬಳು ಒಂದೇ ದನಗಳಿಗಾಗಿ ನೀರಿನ ಆಚೀಚೆ ನಿಂತು ಜಗ್ಗಾಡುತ್ತಿದ್ದಂತೆ ನನಗನ್ನಿಸಿತು. ಚಾಚಾ ದೋಣಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು ತುಟಿ ಅಲುಗಿಸುತ್ತಿದ್ದರು. ದನಗಳು ಗುಡ್ಡ ಹತ್ತಿದವು. ಅವಳು ದನಿ ಒಡೆಯುವ ತನಕ ಕೂಗಿದಳು, ಆಮೇಲೆ ಕೆಸರಿನಲ್ಲೇ ಕೂತು ಅತ್ತಳು.

ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, "ದನ ಹೊರಗಿನವರ ಕೂಗಿಗೆ ಬರಂಗಿಲ್ರಿ," ಎಂದಳು. "ಮನ್ಯಾಗಿಂದ ಕೂಗಬೇಕು. ಹಿಂದ ಅವ್ವ ಕೊಟ್ಟಿಗಿ ಬಾಗಲಾಗ ನಿಂತ ಕೂಗತಿದ್ಲು. ನನ್ನ ಮನೀಗೆ ಕರಕೊಂಡ ಹೋಗ್ರಿ."

ಮನೆ ಹದಿನೈದು ಆಳು ಆಳದ ನೀರಿನಲ್ಲಿತ್ತು. ಆದರೂ ಮರುಸಂಜೆ ಹೋದೆವು. ಎರಡು ದಡಗಳ ನಡುವೆ, ಒಂದು ಒಣಮರದ ತುದಿ ಮಾತ್ರ ನೀರಿನ ಮೇಲೆ ಗೇಣುದ್ದ ಕಾಣುತ್ತಿತ್ತು. ಗುಡ್ಡದ ಅಂಚುಗಳನ್ನು ಕೈಯಿಂದ ಅಳೆದು ನೋಡಿ, ಅವಳು ಅದರ ಬಲಕ್ಕೆ ದೋಣಿ ನಿಲ್ಲಿಸಲು ಹೇಳಿದಳು. "ಇಲ್ಲೇ. ಕೆಳಗ ನಮ್ಮ ಅಂಗಳ." ಚಾಚಾ ಎಂಜಿನ್ ಬಂದ್ ಮಾಡಿದರು. ಗಾವಳೆಯಲ್ಲಿ ಅವರು ತಾವಾಗಿ ಬಂದ್ ಮಾಡಿದ್ದು ಅದೇ ಮೊದಲು. ಮಳೆ ನಿಂತಿತ್ತು. ಕೆಳಗಿನ ನೀರು ಕಪ್ಪಗೆ, ಅಲೆಯಿಲ್ಲದೆ ಇತ್ತು. ಬಗ್ಗಿ ನೋಡಲು ನನಗೆ ಹೆದರಿಕೆಯಾಯಿತು.

ಜನಾಬಾಯಿ ದೋಣಿಯಲ್ಲಿ ಎದ್ದು ನಿಂತು ಕೂಗಿದಳು. ಹಿಂದಿನ ದಿನ ಒಡೆದ ದನಿ, ಮೂರನೆಯ ಕೂಗಿಗೆ ಗಂಟಲು ಹಿಡಿದು ಕೆಮ್ಮಿದಳು, ಎರಡು ಸಲ. ಬೇಕೆಂದು ಕೆಮ್ಮಿದಳೋ ತಾನಾಗಿ ಬಂತೋ ನಾನು ಕೇಳಲಿಲ್ಲ. ಹಕ್ಕಿ ಆ ಸಂಜೆ ಉತ್ತರ ಕೊಡಲಿಲ್ಲ.

ನಡುಗಡ್ಡೆಯ ದಂಡೆಗೆ ಬಂದು ನಿಂತಿದ್ದ ಸಾಲಿನಲ್ಲಿ ಮುಂದಿದ್ದ ಕೆಂದಾಕಳು ನೀರಿಗಿಳಿಯಿತು. ಮೊಣಕಾಲಿಗೆ ಬಂದರೂ ನಿಲ್ಲಲಿಲ್ಲ. ಎದೆ ಮುಳುಗಿತು, ಬೆನ್ನು ಮುಳುಗಿತು, ಮೂಗು ಮಾತ್ರ ಮೇಲೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಂದೂ ಅಂಬಾ ಎನ್ನಲಿಲ್ಲ. ಇಪ್ಪತ್ತು ಮೂಗುಗಳು ಉಸಿರು ಬಿಡುವ ಸಪ್ಪಳವೊಂದೇ ನೀರಿನ ಮೇಲೆ ನಮ್ಮ ಕಡೆ ಬರುತ್ತಿತ್ತು. ಬಂದವು ದೋಣಿಯ ಸುತ್ತ ಸೇರಿ ಸುತ್ತತೊಡಗಿದವು, ಇಳಿಯಲು ಬಾಗಿಲು ಹುಡುಕುವವರ ಹಾಗೆ.

"ನಡೀರಿ ಚಾಚಾ, ಹುಟ್ಟು ಹಾಕ್ರಿ, ಮುಳುಗತಾವು!" ಎಂದು ಕಿರುಚಿದೆ.

ಚಾಚಾ ಹುಟ್ಟು ಹಾಕಿದರು. ಜನಾಬಾಯಿ ಹಿಂದಕ್ಕೆ ತಿರುಗಿ ನಿಂತು ಕೂಗುತ್ತಲೇ ಇದ್ದಳು. ದೋಣಿ ಈಚೆ ದಂಡೆಗೆ ಸರಿಯಿತು. ದನಗಳು ಒಂದು ಸುತ್ತು ಹೆಚ್ಚು ಸುತ್ತಿ, ಕೆಂದಾಕಳಿನ ಹಿಂದೆ ನಮ್ಮ ಬೆನ್ನು ಹತ್ತಿದವು. ಕೆಸರಿಗೆ ಕಾಲು ತಾಗಿದಾಗ ಒಂದೊಂದೇ ಮೈ ಕೊಡವಿಕೊಂಡು ಮೇಲೆ ಬಂದವು. ದಂಡೆಯಲ್ಲಿ ಹಗ್ಗ ಹಿಡಿದು ಜನಾಬಾಯಿಯ ಪೈಕಿಯವರು ಕಾದಿದ್ದರು. ಗುದ್ದಾಟವಾಗುತ್ತದೆ, ಯಾರಿಗಾದರೂ ಕೋಡು ತಿವಿಯುತ್ತದೆ ಎಂದು ನಾನು ಹೆದರಿದ್ದೆ. ಹುಟ್ಟಿದಾಗಿನಿಂದ ಹಗ್ಗ ಕಾಣದ ಆ ದನಗಳು ಒಂದೊಂದಾಗಿ ಬಂದು ಕುತ್ತಿಗೆ ಬಗ್ಗಿಸಿ ನಿಂತವು.

ಎಣಿಸಿದೆ. ಈ ಸಲ ಸರಿಯಾಗಿ ಎಣಿಸಿದೆ. ಇಪ್ಪತ್ತು.

ಇಪ್ಪತ್ತೊಂದನೆಯದು ಆಚೆ ದಂಡೆಯಲ್ಲಿತ್ತು. ಮುದಿ ಆಕಳು, ಕಪ್ಪು, ಒಂದು ಕೋಡು ಮುರಿದದ್ದು. ನೀರಿಗಿಳಿದೇ ಇರಲಿಲ್ಲ. ನಾನು ಹಗ್ಗ ತಗೊಂಡು ಆಚೆ ಹೋಗಿ ಎಳೆದು ತರೋಣ ಎಂದೆ. ಜನಾಬಾಯಿ ಬೇಡವೆಂದು ನನ್ನ ತೋಳು ಹಿಡಿದಳು.

"ಬಿಡ್ರಿ. ಒಂದಕ್ಕ ಸಾಲೂವಷ್ಟ ಹುಲ್ಲ ಐತಿ. ಅಲ್ಲೆ ಹಕ್ಕಿ ಕೂಗಿದಾಗ ಯಾರರ ಬರಬೇಕಲ್ರಿ. ಯಾರೂ ಬರದಿದ್ರ ಅವ್ವ ಏನ ತಿಳ್ಕೋತಾಳ?"

ವಾದ ಮಾಡಬಹುದಿತ್ತು. ಮಾಡಲಿಲ್ಲ. ದನಗಳನ್ನು ಅವಳ ಪೈಕಿಯವರು ಹಂಚಿಕೊಂಡು ಸಾಕಿದರು. ನನ್ನ ಹೇಳಿಕೆಯ ಮೇಲೆ ವಿಚಾರಣೆ ನಡೆಯಿತು, ಛೀಮಾರಿ ಬಂತು, ಬೋರ್ಡು ಇಳಿಯಿತು. ನಿವೃತ್ತಿಯ ದಿನ ಹಾರ ಹಾಕಲು ಬಂದವರು ನಾಲ್ಕೇ ಮಂದಿ, ಅವರಲ್ಲಿ ರೇಂಜರ್ ಸಾಹೇಬರೂ ಒಬ್ಬರು ಎಂಬುದನ್ನು ಹೇಳಬೇಕು. ಸುಮಾ, ನೀನು ಈ ನೌಕರಿಯಲ್ಲಿ ಎಣಿಸಲು ಹೋದರೆ ಇಳಿದು ಎಣಿಸು. ಹಾವಿದ್ದರೂ ಇಳಿ. ಅದಕ್ಕಿಂತ ಹೆಚ್ಚು ನನಗೇನೂ ಗೊತ್ತಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿಯಿತು. ಬಂಡಿದಾರಿ ಉದ್ದಕ್ಕೆ ಬಯಲಾಗಿ, ಗಾವಳೆಯ ಗೋಡೆಗಳ ಬುಡಗಳು ಕೆಸರಿನಿಂದ ಮೇಲೆದ್ದವು. ನಾನು, ಚಾಚಾ, ಜನಾಬಾಯಿ ಬಾಡಿಗೆ ದೋಣಿ ಮಾಡಿಕೊಂಡು ಹೋದೆವು, ಯಾವ ಅಧಿಕಾರವೂ ಇಲ್ಲದ ಮೂವರು. ಮುದಿ ಆಕಳನ್ನು ಗುಡ್ಡವೆಲ್ಲ ಹುಡುಕಿದೆವು. ಎಲುಬಿಲ್ಲ, ಕೋಡಿಲ್ಲ, ಹಳೆಯ ಸಗಣಿಯೂ ಇಲ್ಲ. ಬಂಡಿದಾರಿಯ ಮೇಲೆ ಹುಲ್ಲು ಬೆಳೆದಿತ್ತು. ಸಂಜೆಯಾಯಿತು, ಮೇಲಿನ ಮರದಲ್ಲಿ ಹಕ್ಕಿ ಕೂಗಿತು. ಮೂರು ಸಲ ಕೂಗಿ ಕೆಮ್ಮಿತು. ನಾವು ಗುಡ್ಡದ ಕಡೆ ನೋಡುತ್ತ ನಿಂತೆವು. ಏನೂ ಇಳಿದು ಬರಲಿಲ್ಲ. ಹಕ್ಕಿ ಮತ್ತೆ ಕೂಗಿತು.

ಜನಾಬಾಯಿ ಚಪ್ಪಲಿ ಕಳಚಿಟ್ಟಳು. ಕೆಸರಿನಲ್ಲಿ ಕಾಲೂರುತ್ತ ಬಂಡಿದಾರಿ ಇಳಿದು, ಗೋಡೆಯ ಬುಡಗಳ ನಡುವೆ ದಾರಿ ಗೊತ್ತಿದ್ದವಳಂತೆ ತಿರುಗಿ, ಒಂದು ಕಲ್ಲಿನ ಹೊಸ್ತಿಲ ಮುಂದೆ ನಿಂತಳು. "ಆಯ್ಲೇಂ ಗೋ, ಆವಯ್," ಎಂದಳು. ಬಂದೆನವ್ವಾ ಎಂದು. ಆಮೇಲೆ ತಲೆ ಬಗ್ಗಿಸಿಕೊಂಡು ಹೊಸ್ತಿಲು ದಾಟಿ ಒಳಗೆ ಹೋದಳು.